ಮನೆ ಕಂಪ್ಯೂಟರ್‌ನಲ್ಲಿ ಆಫೀಸ್ ವಿಪಿಎನ್‌ಗೆ ಜಾವಾ, ಡಾಟ್ ನೆಟ್ ಎಲ್ಲ ಹಾಕಿದ್ದೀನಿ, ಆದರೂ ಎರರ್ ಯಾಕೆ?

ಆಫೀಸಿನವರು ಕೊಟ್ಟ ಸೂಚನೆ ನೋಡಿಕೊಂಡು ಜಾವಾ, ಡಾಟ್ ನೆಟ್, ವಿಷುಯಲ್ ಸಿ ಪ್ಲಸ್ ಪ್ಲಸ್ ಮೂರನ್ನೂ ಮನೆಯ ವಿಂಡೋಸ್ ಕಂಪ್ಯೂಟರ್‌ಗೆ ಹಾಕಿದ್ದೀರಿ, ಆದರೂ ವಿಪಿಎನ್ ಕ್ಲೈಂಟ್ (ಮನೆಯಿಂದ ಆಫೀಸ್ ನೆಟ್‌ವರ್ಕ್‌ಗೆ ಸೇರಿಸುವ ಪ್ರೋಗ್ರಾಮ್) ಓಪನ್ ಆಗ್ತಿಲ್ಲ, ಇನ್ನೇನು ಹಾಕಬೇಕು ಅಂತ ಕೇಳಿದ್ದೀರಿ. ಈ ಮೂರರ ಆಚೆ ಇನ್ನೇನೂ ಹಾಕಬೇಡಿ. ಹಾಕಿರೋದರಲ್ಲೇ ಯಾವುದೋ ಒಂದರ ಬಗೆಯೋ ಆವೃತ್ತಿಯೋ ತಪ್ಪಿರುತ್ತೆ, ಅದನ್ನು ಹುಡುಕಿ.

ಮೊದಲಿಗೆ, ವಿಪಿಎನ್ ಅನ್ನೋದಕ್ಕೇ ಈ ರನ್‌ಟೈಮ್‌ಗಳು (ಬೇರೆ ಪ್ರೋಗ್ರಾಮ್ ಓಡೋಕೆ ಬೇಕಾದ ಜೊತೆ ಸಾಫ್ಟ್‌ವೇರ್) ಬೇಕಿಲ್ಲ. ವಿಂಡೋಸ್ ಒಳಗೇ ಇರುವ ಐಕೆಇವಿ2, ಎಸ್‌ಎಸ್‌ಟಿಪಿ ಅನ್ನೋ ವಿಪಿಎನ್ ವಿಧಾನಗಳು ಯಾವುದೂ ಜಾವಾ ಕೇಳಲ್ಲ. ಓಪನ್‌ವಿಪಿಎನ್, ವೈರ್‌ಗಾರ್ಡ್ ಅನ್ನೋ ಬೇರೆ ವಿಪಿಎನ್‌ಗಳೂ ಕೇಳಲ್ಲ. ಕೇಳೋದು ನಿಮ್ಮ ಆಫೀಸಿನವರು ಕೊಟ್ಟಿರೋ ಆ ನಿರ್ದಿಷ್ಟ ಕ್ಲೈಂಟ್. ಪ್ರೋಗ್ರಾಮುಗಳು 32 ಬಿಟ್, 64 ಬಿಟ್ ಅಂತ ಎರಡು ಬಗೆಯಲ್ಲಿ ಬರುತ್ತವೆ, ರನ್‌ಟೈಮ್ ಕೂಡ ಕ್ಲೈಂಟ್‌ನ ಬಗೆಯದೇ ಆಗಿರಬೇಕು. ಹಾಗಾಗಿ ಅದು 32 ಬಿಟ್‌ದೋ 64 ಬಿಟ್‌ದೋ ಅನ್ನೋದೇ ಮುಖ್ಯ. ನಿಮ್ಮ ವಿಂಡೋಸ್ ಎಷ್ಟು ಬಿಟ್‌ದು ಅನ್ನೋದಲ್ಲ.

ಇದನ್ನು ಕಲಿಯೋಕೆ ನನಗೆ ಒಂದು ಇಡೀ ಭಾನುವಾರ ಹೋಯ್ತು. ಕ್ಲೈಂಟ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ ‘ವಿಸಿರನ್‌ಟೈಮ್140 ಡಿಎಲ್‌ಎಲ್ ಸಿಗಲಿಲ್ಲ’ ಅನ್ನೋ ಡಬ್ಬಿ (ಅದು ವಿಷುಯಲ್ ಸಿ ಪ್ಲಸ್ ಪ್ಲಸ್ ಜೊತೆ ಬರುವ ಫೈಲು). ನನ್ನದು 64 ಬಿಟ್ ವಿಂಡೋಸ್, ಸರಿ ಅಂತ ವಿಷುಯಲ್ ಸಿ ಪ್ಲಸ್ ಪ್ಲಸ್ ರೀಡಿಸ್ಟ್ರಿಬ್ಯೂಟಬಲ್‌ನ ಎಕ್ಸ್64, ಅಂದರೆ 64 ಬಿಟ್ ಪ್ಯಾಕೇಜ್ ಹಾಕಿದೆ. ಅದೇ ಡಬ್ಬಿ. ತೆಗೆದು ಮತ್ತೆ ಹಾಕಿದೆ, ರೀಸ್ಟಾರ್ಟ್ ಮಾಡಿದೆ, ಮತ್ತೆ ಅದೇ. ಸಿಸ್ಟಮ್32 ಫೋಲ್ಡರ್‌ಗೆ ಹೋಗಿ ನೋಡಿದರೆ ಫೈಲ್ ಅಲ್ಲೇ ಕೂತಿದೆ! ಕಣ್ಣೆದುರಿಗಿರೋದನ್ನು ಇಲ್ಲ ಅಂತ ಹೇಳುತ್ತಲ್ಲ ಅಂತ ಮೈ ಉರಿದುಹೋಯ್ತು. ಆಮೇಲೆ ಕ್ಲೈಂಟ್ ಎಲ್ಲಿ ಇನ್‌ಸ್ಟಾಲ್ ಆಗಿದೆ ಅಂತ ನೋಡಿದೆ: ‘ಪ್ರೋಗ್ರಾಮ್ ಫೈಲ್ಸ್’ ಪಕ್ಕದ ಎಕ್ಸ್86 ಫೋಲ್ಡರ್. ಅಂದರೆ ಅದು 32 ಬಿಟ್ ಕ್ಲೈಂಟ್. ಎಕ್ಸ್86 ಪ್ಯಾಕೇಜ್ ಹಾಕಿದ ಮರುಕ್ಷಣ ಓಪನ್ ಆಯ್ತು.

ತಮಾಷೆ ಏನಂದರೆ 64 ಬಿಟ್ ವಿಂಡೋಸ್‌ನಲ್ಲಿ ಸಿಸ್ಟಮ್32 ಒಳಗಿರೋದು 64 ಬಿಟ್ ಫೈಲುಗಳು. 32 ಬಿಟ್‌ದೆಲ್ಲ ಇರೋದು ಸಿಸ್‌ವಾವ್64 ಅನ್ನೋ ಫೋಲ್ಡರ್‌ನಲ್ಲಿ. 32 ಬಿಟ್ ಪ್ರೋಗ್ರಾಮ್ ಸಿಸ್ಟಮ್32ರಲ್ಲಿ ಹುಡುಕಿದರೂ ವಿಂಡೋಸ್ ಅದನ್ನು ಸದ್ದಿಲ್ಲದೆ ಈ ಕಡೆಗೆ ತಿರುಗಿಸುತ್ತೆ. ಹೆಸರಿಟ್ಟವರಿಗೆ ನಮಸ್ಕಾರ. ಎಕ್ಸ್86, ಎಕ್ಸ್64 ಎರಡೂ ಒಟ್ಟಿಗೆ ಇದ್ದರೆ ಏನೂ ತೊಂದರೆ ಇಲ್ಲ, ಎರಡನ್ನೂ ಮೈಕ್ರೋಸಾಫ್ಟ್ ಸೈಟಿನಿಂದಲೇ ಇಳಿಸಿಕೊಂಡು ಹಾಕಿ. ಬಿಡಿ ಡಿಎಲ್‌ಎಲ್ ಕೊಡ್ತೀವಿ ಅನ್ನೋ ಸೈಟುಗಳ ಹತ್ತಿರ ಮಾತ್ರ ಸುಳಿಯಬೇಡಿ. ಇದೇ ಕಂಪ್ಯೂಟರಿಂದ ತಾನೇ ನೀವು ಆಫೀಸ್ ನೆಟ್‌ವರ್ಕ್ ಒಳಗೆ ಕಾಲಿಡೋದು.

ಜಾವಾ ಕತೆ ಬೇರೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಜಾವಾ ಅಂತ ಟೈಪ್ ಮಾಡಿ, ಒಂದು ಸ್ಪೇಸ್ ಬಿಟ್ಟು, ಹೈಫನ್ ಹಾಕಿ ವರ್ಷನ್ ಅಂತ ಹೊಡೆಯಿರಿ. 1.8 ಅಂತ ಬಂದರೆ ಅದೇ ಜಾವಾ 8, ಹಳೆಯದು ಅಂತ ಗಾಬರಿ ಬೇಡ. ಕೊನೇ ಸಾಲಿನಲ್ಲಿ 64 ಬಿಟ್ ಅಂತ ಇಲ್ಲದಿದ್ದರೆ ಅದು 32 ಬಿಟ್‌ದು. ನಿಮ್ಮ ಸೂಚನೆಯಲ್ಲಿ ‘ಬ್ರೌಸರ್‌ನಲ್ಲಿ ಲಾಗಿನ್ ಆದರೆ ಜಾವಾ ಆ್ಯಪ್ಲೆಟ್ ತಾನಾಗೇ ಓಡುತ್ತೆ’ ಅಂತಿದ್ದರೆ ಅದನ್ನು ಬರೆದು ತುಂಬ ವರ್ಷ ಆಗಿರಬೇಕು. ಆ್ಯಪ್ಲೆಟ್ ಅಂದರೆ ಬ್ರೌಸರ್ ಒಳಗೇ ಓಡುವ ಜಾವಾ ಪ್ರೋಗ್ರಾಮ್. ಅದನ್ನು ಓಡಿಸುವ ಪ್ಲಗಿನ್ ವ್ಯವಸ್ಥೆಯನ್ನು ಕ್ರೋಮ್ 2015ರಲ್ಲೇ ತೆಗೆದುಹಾಕಿತು, ಫೈರ್‌ಫಾಕ್ಸ್ 2017ರಲ್ಲಿ ಜಾವಾ ಪ್ಲಗಿನ್‌ಗೆ ಬಾಗಿಲು ಹಾಕಿತು, 2018ರ ಜಾವಾ 11ರಲ್ಲಂತೂ ಪ್ಲಗಿನ್ನೂ ಇಲ್ಲ, ವೆಬ್ ಪುಟದಿಂದ ಜಾವಾ ಪ್ರೋಗ್ರಾಮ್ ಶುರು ಮಾಡುವ ವೆಬ್ ಸ್ಟಾರ್ಟೂ ಇಲ್ಲ. ಹೊಸ ಜಾವಾ ಹಾಕಿದಷ್ಟೂ ಇಂಥ ಕ್ಲೈಂಟ್ ಓಡೋದಿಲ್ಲ, ಅದಕ್ಕೆ ಬೇಕಾದದ್ದು 8. ಎಡ್ಜ್ ಬ್ರೌಸರ್‌ನ ಐಇ ಮೋಡ್‌ನಲ್ಲಿ (ಹಳೆಯ ಇಂಟರ್ನೆಟ್ ಎಕ್ಸ್‌ಪ್ಲೋರರ್ ಥರ ಪುಟ ತೆರೆಯುವ ಸೌಲಭ್ಯ) ತಳ್ಳಿಕೊಂಡು ಹೋಗಬಹುದು, ಆದರೆ ನಾನಾಗಿದ್ದರೆ ಐಟಿಯವರಿಗೆ ಮೇಲ್ ಹಾಕಿ ಜಾವಾ ಬೇಡದ ಕ್ಲೈಂಟ್ ಇದೆಯಾ ಅಂತ ಕೇಳ್ತಿದ್ದೆ. ಎಷ್ಟೋ ಸಲ ಇರುತ್ತೆ, ಸೂಚನೆಯ ಹಾಳೆಯನ್ನು ಯಾರೂ ಬದಲಿಸಿರಲ್ಲ ಅಷ್ಟೇ. ಜಾವಾ ಸೆಕ್ಯುರಿಟಿ ತಡೆದರೆ ಜಾವಾ ಕಂಟ್ರೋಲ್ ಪ್ಯಾನೆಲ್‌ನ ಎಕ್ಸೆಪ್ಶನ್ ಸೈಟ್ ಲಿಸ್ಟ್‌ಗೆ ಆಫೀಸಿನ ಆ ಒಂದು ವಿಳಾಸ ಮಾತ್ರ ಸೇರಿಸಿ.

ಡಾಟ್ ನೆಟ್‌ನಲ್ಲಿ ಎಡವೋದು ಹೆಸರಿಗೆ. ಡಾಟ್ ನೆಟ್ ಫ್ರೇಮ್‌ವರ್ಕ್ 4.8 ಅಥವಾ 4.8.1 ಈಗಿನ ವಿಂಡೋಸ್ ಜೊತೆಗೇ ಬಂದಿರುತ್ತೆ. ಡಾಟ್ ನೆಟ್ 8 ಅನ್ನೋದು ಅದರ ಮುಂದಿನ ಅಪ್‌ಡೇಟ್ ಅಲ್ಲ, ಬೇರೆಯದೇ ವಸ್ತು, ‘ಡೆಸ್ಕ್‌ಟಾಪ್ ರನ್‌ಟೈಮ್’ ಅಂತ ಬೇರೆಯಾಗಿ ಹಾಕಬೇಕು. ಕ್ಲೈಂಟ್ ಹಳೆಯ ಫ್ರೇಮ್‌ವರ್ಕ್ 3.5 ಕೇಳಿದರೆ ಬಹುತೇಕ ವಿಂಡೋಸ್ ಆವೃತ್ತಿಗಳಲ್ಲಿ ಕಂಟ್ರೋಲ್ ಪ್ಯಾನೆಲ್‌ನ ವಿಂಡೋಸ್ ಫೀಚರ್ಸ್‌ನಲ್ಲಿ ಟಿಕ್ ಹಾಕಿದರೆ ಸಾಕು.

ಇಷ್ಟಾಗಿ ಕ್ಲೈಂಟ್ ಓಪನ್ ಆಗಿ, ‘ಕನೆಕ್ಟೆಡ್’ ಅಂತಲೂ ತೋರಿಸಿ, ಆಫೀಸಿನ ಯಾವ ಸರ್ವರ್ರೂ ಸಿಗದಿದ್ದರೆ ಮತ್ತೆ ಜಾವಾ ಕೆದಕಬೇಡಿ. ಮನೆಯ ರೌಟರ್ 192.168.1 ಸರಣಿಯ ವಿಳಾಸ ಕೊಡುತ್ತಿದ್ದು ಆಫೀಸಿನಲ್ಲೂ ಅದೇ ಸರಣಿ ಇದ್ದರೆ, ಕಂಪ್ಯೂಟರ್ ಆ ಸರ್ವರನ್ನು ನಿಮ್ಮ ಮನೆಯೊಳಗೇ ಹುಡುಕುತ್ತಿರುತ್ತೆ. ರೌಟರ್‌ನ ಲ್ಯಾನ್ (ಮನೆಯೊಳಗಿನ ನೆಟ್‌ವರ್ಕ್) ಸೆಟ್ಟಿಂಗ್‌ನಲ್ಲಿ 192.168.77 ಥರ ಏನಾದರೂ ಹಾಕಿ, ರೌಟರ್ ರೀಸ್ಟಾರ್ಟ್ ಮಾಡಿ ನೋಡಿ.