ಗಾಳಿಗೆ ವಾಲಿದ ಹಳೇ ಹುಣಸೆ ಮರದ ಎತ್ತರ ಅಳೆಯಲು ಯಾವ ಆ್ಯಪ್ ಒಳ್ಳೆಯದು? ಮನೆ ಮೇಲೆ ಬೀಳಬಹುದಾ ಅಂತ ನೋಡಬೇಕು.

ಆ್ಯಪ್ ಯಾವುದಾದರೂ ಆಗುತ್ತೆ. ಎಲ್ಲಿ ನಿಂತು ಅಳೆಯುತ್ತೀರಿ ಅನ್ನೋದರಲ್ಲೇ ಎಲ್ಲಾ ಇದೆ.

ಧಾರವಾಡದ ಹತ್ತಿರ ನಮ್ಮ ಸೋದರಮಾವನ ಊರಲ್ಲೂ ಇಂಥದೇ ಹುಣಸೆ ಮರ ಇತ್ತು. ಅಡ್ಡಮಳೆಯ ಗಾಳಿಗೆ ಒಂದು ದೊಡ್ಡ ಕೊಂಬೆ ಮುರಿದು ಬಿತ್ತು. ಉಳಿದ ಮರ ಮನೆ ಕಡೆ ವಾಲಿತ್ತು. ಬುಡದಿಂದ ಗೋಡೆಗೆ 19 ಮೀಟರ್. ಅಳೆಯೋ ಕೆಲಸ ನನಗೆ ಬಂತು.

ಮನೆ ಪಕ್ಕದಲ್ಲಿ, ಬುಡದಿಂದ 20 ಮೀಟರ್ ದೂರ ನಿಂತು ಫೋನನ್ನು ಮರದ ತುದಿಯ ಕಡೆ ಹಿಡಿದೆ. ಆ್ಯಪ್ 45 ಡಿಗ್ರಿ ಕೋನ ತೋರಿಸಿತು. 45 ಡಿಗ್ರಿ ಅಂದರೆ ದೂರ ಎಷ್ಟೋ ಎತ್ತರವೂ ಅಷ್ಟೇ. ಕಣ್ಣಿನ ಎತ್ತರ ಒಂದೂವರೆ ಸೇರಿಸಿ 21.5 ಮೀಟರ್ ಅಂತ ಬರೆದೆ. ತಪ್ಪಾಗಿದ್ದು ಇಲ್ಲೇ. ಈ ಲೆಕ್ಕ ಸರಿಬರಬೇಕಾದರೆ ತುದಿ ಬುಡದ ನೇರಕ್ಕೆ ಮೇಲಿರಬೇಕು. ಆ ಮರದ ತುದಿ 5 ಮೀಟರ್ ನನ್ನ ಕಡೆಗೇ ಬಂದಿತ್ತು. ಅಂದರೆ ತುದಿಯ ಕೆಳಗಿನ ನೆಲ ನನ್ನಿಂದ ಬರೀ 15 ಮೀಟರ್ ದೂರ. ನಿಜವಾದ ಎತ್ತರ 16.5. ಅದೇ ಮರವನ್ನು ಆಚೆ ಬದಿಯಿಂದ, ಅಷ್ಟೇ ದೂರದಲ್ಲಿ ನಿಂತು ಅಳೆದಿದ್ದರೆ 13.5 ಬರುತ್ತಿತ್ತು!

ಅನುಮತಿಯ ಅರ್ಜಿಯಲ್ಲೂ ನನ್ನ ಅಂಕಿಯೇ ಹೋಯಿತು. ಮರ ಕಡಿದರು. ಕೆಡವಿದ ಮೇಲೆ ಟೇಪು ಹಿಡಿದರೆ ಬುಡದಿಂದ ತುದಿಗೆ 17 ಮೀಟರ್ ಚಿಲ್ಲರೆ. ಗೋಡೆಗೆ ತಾಗುತ್ತಲೇ ಇರಲಿಲ್ಲ.

ಹಾಗಾಗಿ, ಮರ ನಿಮ್ಮ ಎಡಕ್ಕೋ ಬಲಕ್ಕೋ ವಾಲಿದಂತೆ ಕಾಣುವ ಕಡೆ ನಿಲ್ಲಿ. ಇಲ್ಲವಾದರೆ ತುದಿಯ ನೇರ ಕೆಳಗಿನ ಜಾಗ ಗುರುತಿಸಿ, ದೂರವನ್ನು ಅಲ್ಲಿಂದ ಹಿಡಿಯಿರಿ. ಸುತ್ತಳತೆಯನ್ನೂ ಬರೆದಿಡಿ. ಅದನ್ನು ಎದೆಮಟ್ಟದಲ್ಲಿ, ಅಂದರೆ ಬುಡದಿಂದ 1.37 ಮೀಟರ್ ಮೇಲೆ ತೆಗೆಯುತ್ತಾರೆ. ವಾಲಿದ ಮರಕ್ಕೆ ವಾಲಿದ ಬದಿಯಲ್ಲಿ, ಕಾಂಡದ ಗುಂಟ ಅಳೆದು ಗುರುತು ಹಾಕಬೇಕು. ಟೇಪು ಕಾಂಡಕ್ಕೆ ಅಡ್ಡವಾಗಿರಲಿ, ನೆಲಕ್ಕೆ ಸಮವಾಗಿ ಅಲ್ಲ.

ಆದರೆ ನನ್ನ ಕೇಳಿದರೆ, ಎತ್ತರಕ್ಕಿಂತ ಮೊದಲು ಬುಡ ನೋಡಿ. ಪಕ್ಕದ ಮನೆ ಅಜ್ಜಿ ಆವತ್ತೇ ಹೇಳಿದ್ದರು: "ನಾ ಸಣ್ಣಾಕಿ ಇದ್ದಾಗಿಂದ ಈ ಗಿಡ ಹಿಂಗ ವಾಲೇತಿ." ಹಳೇ ವಾಲು ಇದ್ದರೆ ಮೇಲಿನ ಭಾಗ ಬಾಗಿ ಮತ್ತೆ ಆಕಾಶದ ಕಡೆ ಬೆಳೆದಿರುತ್ತೆ. ನಮ್ಮ ಮರ ಹಾಗೇ ಇತ್ತು. ಹೊಸದಾಗಿ ವಾಲಿದ್ದರೆ ಹಿಂಬದಿಯ ಮಣ್ಣು ಉಬ್ಬಿ ಬಿರುಕು ಬಿಟ್ಟಿರುತ್ತೆ, ಬೇರು ಹರಿದು ಬಿಳಿ ನಾರು ಕಾಣುತ್ತೆ. ಅಂಥ ಬಿರುಕು ಕಂಡರೆ ಅಳೆಯೋಕೆ ಹೋಗಬೇಡಿ, ಎಲ್ಲರನ್ನೂ ದೂರ ಕಳಿಸಿ.

ಆಗಲೂ ಗರಗಸವೇ ಗತಿ ಅಂದುಕೊಳ್ಳಬೇಡಿ. ಸವಣೂರಿನ ದೊಡ್ಡಹುಣಸೆ ಮರಗಳು ಗೊತ್ತಲ್ವಾ? ಆಫ್ರಿಕಾ ಮೂಲದ ಬಾವೊಬಾಬ್ ಅವು. ಆ ಮೂರರಲ್ಲಿ ಒಂದು 2023ರ ಮಳೆಗೆ ಬುಡಸಮೇತ ಉರುಳಿದಾಗ ಎತ್ತಿ ಮತ್ತೆ ನೆಟ್ಟರು. ನಿಮ್ಮದನ್ನು ಕೊಂಬೆ ಹಗುರ ಮಾಡಿ, ಆಸರೆ ಕೊಟ್ಟು ಉಳಿಸಬಹುದೇನೋ, ಅರಣ್ಯ ಇಲಾಖೆಯವರಿಗೆ ತೋರಿಸಿ. ಹೇಗಿದ್ದರೂ 1976ರ ಮರ ಸಂರಕ್ಷಣಾ ಕಾಯ್ದೆ ಪ್ರಕಾರ ಹುಣಸೆ ಕಡಿಯಲು ಅವರ ಅನುಮತಿ ಬೇಕು. ಅರ್ಜಿಯಲ್ಲಿ ಎತ್ತರದ ಜೊತೆಗೆ ಯಾವ ಬದಿಯಿಂದ ಅಳೆದಿರಿ, ಮರ ಯಾವ ಕಡೆ ವಾಲಿದೆ ಅಂತಲೂ ಬರೆಯಿರಿ.