ಅಮೆರಿಕದ ಮಿಷಿಗನ್, ಮಿನೆಸೋಟ ವಿಶ್ವವಿದ್ಯಾಲಯಗಳ ತಂಡಗಳು ಒಂದು ಹಳೇ ನೀರಿನ ಜಗ್ಗಿಗಾಗಿ ಯಾಕೆ ಇಷ್ಟು ಜಗಳ ಆಡುತ್ತವೆ?

ನಾನು ಮಿನೆಸೋಟದ ಮಿನಿಯಾಪೊಲಿಸ್‌ನಲ್ಲಿ ಓದಿದವನು. ಹಾಗಾಗಿ ನನ್ನ ಉತ್ತರ ಸ್ವಲ್ಪ ಮಿನೆಸೋಟದ ಕಡೆಗೇ ವಾಲುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಇನ್ನೊಂದು ಮಾತು: ಇದು ನಮ್ಮ ಕಾಲ್ಚೆಂಡಲ್ಲ, ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಓಡುವ ಅಮೆರಿಕನ್ ಫುಟ್‌ಬಾಲ್.

1903ರ ಅಕ್ಟೋಬರ್ 31. ಮಿಷಿಗನ್ ತಂಡ ಮಿನಿಯಾಪೊಲಿಸ್‌ಗೆ ಆಡಲು ಬಂತು. ಅದರ ಹಿಂದಿನ ಎರಡು ವರ್ಷ ಆಡಿದ ಪ್ರತಿ ಪಂದ್ಯವನ್ನೂ ಗೆದ್ದಿದ್ದ ತಂಡ ಅದು. ಕೋಚ್ ಫೀಲ್ಡಿಂಗ್ ಯೋಸ್ಟ್‌ಗೆ ಇಲ್ಲಿಯವರು ಕೊಡುವ ನೀರಿನ ಮೇಲೇ ಅನುಮಾನ ಇತ್ತಂತೆ, ಏನಾದ್ರೂ ಬೆರೆಸಿಬಿಟ್ಟಾರು ಅಂತ. ಹುಡುಗನೊಬ್ಬನನ್ನು ಅಂಗಡಿಗೆ ಕಳಿಸಿ 30 ಸೆಂಟ್‌ಗೆ ಐದು ಗ್ಯಾಲನ್ ಹಿಡಿಯುವ ಜಗ್ ತರಿಸಿದರು. ನಮ್ಮ ಉಪ್ಪಿನಕಾಯಿ ಜಾಡಿಯ ಥರದ್ದೇ, ಆದರೆ ಕುತ್ತಿಗೆ ಸಣ್ಣ, ಪಕ್ಕದಲ್ಲೊಂದು ಹಿಡಿ.

ಕೊನೆಕೊನೆಗೆ ಮಿನೆಸೋಟ ಸಮ ಮಾಡಿತು, 6–6. ಜನ ಮೈದಾನಕ್ಕೆ ನುಗ್ಗಿದರು, ಆಟ ಅಲ್ಲಿಗೇ ನಿಂತಿತು. ಆ ಗದ್ದಲದಲ್ಲಿ ಜಗ್ ಅಲ್ಲೇ ಉಳಿಯಿತು.

ಮಾರನೇ ದಿನ ಅದು ಸಿಕ್ಕಿದ್ದು ಆಸ್ಕರ್ ಮನ್ಸನ್ ಎಂಬ ಕೆಲಸಗಾರನಿಗೆ. ಸ್ಕ್ಯಾಂಡಿನೇವಿಯಾದಿಂದ ಬಂದವನು, ನಾಲಿಗೆಯಲ್ಲಿ 'ಜ' ಹೊರಳದು. "ಯೋಸ್ಟ್ ತನ್ನ ಯಗ್ ಬಿಟ್ಟು ಹೋಗಿದ್ದಾನೆ" ಅಂದನಂತೆ! ಕ್ರೀಡಾ ವಿಭಾಗ ನೋಡಿಕೊಳ್ಳುತ್ತಿದ್ದ ಕುಕ್ ಮತ್ತು ಅವನು ಸೇರಿ ಅದರ ಮೇಲೆ 'ಆಸ್ಕರ್ ವಶಪಡಿಸಿಕೊಂಡದ್ದು' ಅಂತ ಬರೆದರು. ಸ್ಕೋರನ್ನೂ ಬರೆದರು. ಮಿನೆಸೋಟದ 6 ದೊಡ್ಡದಾಗಿ, ಮಿಷಿಗನ್ನಿನ 6 ಪುಟ್ಟದಾಗಿ. ಸಮ ಆದ ಪಂದ್ಯ ಸ್ವಾಮಿ!

ಯೋಸ್ಟ್ ವಾಪಸ್ ಕೇಳಿದಾಗ 'ಬೇಕಿದ್ದರೆ ಬಂದು ಗೆದ್ದುಕೊಂಡು ಹೋಗಿ' ಅಂದರು ಅಂತ ಕಥೆ. 1909ರಲ್ಲಿ ಮಿಷಿಗನ್ 15–6ರಿಂದ ಗೆದ್ದು ಎತ್ತಿಕೊಂಡು ಹೋಯಿತು. ಅಂದಿನಿಂದ ಗೆದ್ದವರ ಮನೆಯಲ್ಲಿ ಜಗ್ಗು. ಹೆಸರು ಲಿಟಲ್ ಬ್ರೌನ್ ಜಗ್. ಒಂದೊಂದು ಬದಿಗೆ ಒಂದೊಂದು ಕಾಲೇಜಿನ 'ಎಂ', ನಡುವೆ ಸಾಲಾಗಿ ಹಳೆಯ ಸ್ಕೋರುಗಳು. ಈಗ ಈ ಎರಡು ತಂಡ ಪ್ರತಿ ವರ್ಷ ಎದುರಾಗುವುದಿಲ್ಲ, ಹಾಗಾಗಿ ಸೋತವರು ಜಾಸ್ತಿ ದಿನ ಕಾಯಬೇಕು.

ಬೆಳ್ಳಿ ಬಂಗಾರದ ಕಪ್ ಯಾರು ಬೇಕಾದರೂ ಮಾಡಿಸಿ ಇಡಬಹುದು. ಇದು ಹಾಗಲ್ಲ, ಕೊಡಲ್ಲ ಅಂತ ಹಟ ಹಿಡಿದದ್ದಕ್ಕೆ ಟ್ರೋಫಿ ಆದ ವಸ್ತು. ಅದಕ್ಕೇ ಇದರ ಮೇಲೆ ಅಷ್ಟು ಹೊಟ್ಟೆಕಿಚ್ಚು.

2014ರಲ್ಲಿ ಮಿನೆಸೋಟ ಮಿಷಿಗನ್ನಿನವರ ಊರಲ್ಲೇ 30–14ರಿಂದ ಗೆದ್ದಿತು, 2005ರ ನಂತರ ಮೊದಲ ಸಲ. ಟಿವಿಯಲ್ಲಿ ನೋಡುತ್ತಿದ್ದೆವು, ಹುಡುಗರು ಓಡಿದ್ದು ನೇರ ಜಗ್ಗಿನ ಹತ್ತಿರ. ಮಾರನೇ ಬೆಳಿಗ್ಗೆ ನಮ್ಮ ಅಡುಗೆಮನೆಯ ನೀರಿನ ಜಗ್ಗಿನ ಮೇಲೆ ರೂಮ್‌ಮೇಟ್ ಮಾರ್ಕರ್‌ನಲ್ಲಿ 30–14 ಅಂತ ಬರೆದಿಟ್ಟಿದ್ದ. ಮನೆ ಖಾಲಿ ಮಾಡುವಾಗ ಅದನ್ನು ಅವನೇ ತೆಗೆದುಕೊಂಡು ಹೋದ. ದುಡ್ಡು ಕೊಟ್ಟು ತಂದಿದ್ದು ನಾನು.