ಕಛೇರಿಯ ಪೋಸ್ಟರ್: ಒತ್ತಿಗೂ ಜಾಗ ಬಿಡಿ

ಪ್ರಶ್ನೆ: ನಮ್ಮ ಸಂಗೀತ ಸಭೆಯ ರಾಮನವಮಿ ಕಛೇರಿಗೆ ಎ2 ಪೋಸ್ಟರ್ ಮಾಡುತ್ತಿದ್ದೇವೆ. ಇಂಗ್ಲಿಷ್ ಟೆಂಪ್ಲೇಟಿಗೆ ಕನ್ನಡ ತುಂಬಿಸಿದರೆ ಸಾಲುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಚಿಕ್ಕದು ಮಾಡಿದರೆ ದೂರಕ್ಕೆ ಕಾಣುವುದಿಲ್ಲ. – ಓದುಗರು, ಸಾಗರ

ಉತ್ತರ: ಅಕ್ಷರ ಚಿಕ್ಕದು ಮಾಡಬೇಡಿ, ಸಾಲಿನ ಅಂತರ ಹೆಚ್ಚಿಸಿ. ಇಂಗ್ಲಿಷಿನ ದೊಡ್ಡಕ್ಷರ ಗೆರೆಯಿಂದ ಕೆಳಗಿಳಿಯುವುದಿಲ್ಲ. ಅದಕ್ಕೆಂದೇ ಹೊಂದಿಸಿದ ಟೆಂಪ್ಲೇಟಿನಲ್ಲಿ ‘ಶಾಸ್ತ್ರೀಯ’ ಎಂದು ಬರೆದು ನೋಡಿ: ಸಕಾರದ ಕೆಳಗೆ ತ-ಒತ್ತು, ರ-ಒತ್ತು ಎರಡೂ ಇಳಿಯುತ್ತವೆ. ಅದರಡಿ ‘ವೀಣೆ’ ಬಂತೋ, ಒತ್ತಿನ ಬಾಲ ಗುಡಿಸಿಗೆ ಬಡಿಯಿತು. ತಂತ್ರಾಂಶ ತಾನಾಗಿ ಕೊಡುವ ಅಂತರ ಸಾಮಾನ್ಯವಾಗಿ ಅಕ್ಷರದಳತೆಯ ಶೇ 120. ಕನ್ನಡಕ್ಕೆ ಶೇ 140ರಿಂದ ಶುರು ಮಾಡಿ. ‘ಗಾಯನ’ದಂಥ ಒತ್ತಿಲ್ಲದ ಸಾಲಿನ ಕೆಳಗೆ ಖಾಲಿ ಜಾಗ ಹೆಚ್ಚೆನಿಸಿದರೆ ಅಲ್ಲಿ ಮಾತ್ರ ಕಣ್ಣಳತೆಯಿಂದ ತಗ್ಗಿಸಿ. ಶೀರ್ಷಿಕೆಯಲ್ಲಿ ಎಲ್ಲ ಸಾಲಿಗೂ ಒಂದೇ ಸಂಖ್ಯೆ ಹೊಂದುವುದು ಅಪರೂಪ.

10 ಅಡಿ ದೂರದಿಂದ ಸಲೀಸಾಗಿ ಓದಲು 1 ಇಂಚು ಎತ್ತರದ ಅಕ್ಷರ ಎಂಬುದು ಬೋರ್ಡ್ ಬರೆಯುವವರ ಅಂದಾಜು. 72 ಪಾಯಿಂಟ್ ಎಂದರೆ 1 ಇಂಚು ನಿಜ, ಆದರೆ ಅದು ಒತ್ತು, ಗುಡಿಸುಗಳಿಗೆ ಬಿಟ್ಟ ಜಾಗವೂ ಸೇರಿದ ಅಳತೆ. ‘ಕ’ದ ಮೈ ಸುಮಾರು ಅದರ ಅರ್ಧ. ಹಾಗಾಗಿ ಮುಖ್ಯ ಕಲಾವಿದರ ಹೆಸರಿಗೆ 130–140 ಪಾಯಿಂಟ್ ಇಡಿ. ಎ2 ಹಾಳೆಯ ಅಗಲ 420 ಮಿ.ಮೀ.; ಏಳೆಂಟು ಅಕ್ಷರದ ಹೆಸರು ಅಂಚು ಬಿಟ್ಟೂ ಒಂದೇ ಸಾಲಿನಲ್ಲಿ ಕೂರುತ್ತದೆ. ‘ವಿದ್ವಾನ್’, ‘ವಿದುಷಿ’ ಅದರ ಅರ್ಧದಷ್ಟಿರಲಿ. ದಿನಾಂಕ, ಹೊತ್ತು, ಸ್ಥಳ 80–90, ಪಕ್ಕವಾದ್ಯದವರ ಹೆಸರು 50–60. ಪಿಟೀಲು, ಮೃದಂಗ, ಘಟ ಮೂವರಿಗೂ ಒಂದೇ ಅಳತೆ ಇಡಬೇಕು. ಜಾಗ ಸಾಲದೆಂದು ಘಟದವರ ಹೆಸರನ್ನು ಮಾತ್ರ ಕುಗ್ಗಿಸುವುದು ಅವರಿಗೆ ಮಾಡುವ ಅಗೌರವ. ಜಾಗ ಬೇಕೆಂದರೆ ಪ್ರಾಯೋಜಕರ ಲಾಂಛನಗಳನ್ನು ಚಿಕ್ಕದು ಮಾಡಿ.

ಪ್ರಶ್ನೆ: ಅಕ್ಷರಗಳನ್ನು ಬಿಡಿಸಿಟ್ಟರೆ ದೀರ್ಘದ ಚಿಹ್ನೆ ದೂರ ಸರಿಯುತ್ತದೆ. ದಪ್ಪ ಮಾಡಿದರೆ ‘ಸುಧಾ’ ಹೋಗಿ ‘ಸುದಾ’ ಆಗುತ್ತದೆ. ಫಾಂಟಿನ ದೋಷವೇ? – ಓದುಗರು, ಧಾರವಾಡ

ಉತ್ತರ: ಫಾಂಟಿನದಲ್ಲ. ‘ಕೀ’, ‘ಕೋ’ಗಳ ದೀರ್ಘವೂ ಒತ್ತುಗಳೂ ಅನೇಕ ಫಾಂಟುಗಳಲ್ಲಿ ಬಿಡಿ ತುಣುಕುಗಳು. ಟ್ರ್ಯಾಕಿಂಗ್ (ಅಕ್ಷರಗಳ ನಡುವಿನ ಅಂತರ) ಹೆಚ್ಚಿಸಿದರೆ ಅವೂ ಸರಿಯುತ್ತವೆ. ಅದನ್ನು ಸೊನ್ನೆಯಲ್ಲೇ ಇಡಿ. ದಪ್ಪಕ್ಕಾಗಿ ಸುತ್ತ ಗೆರೆ ಎಳೆದರೆ ಮಹಾಪ್ರಾಣದ ಸೀಳು ಮುಚ್ಚಿಹೋಗುತ್ತದೆ, ‘ಭೈರವಿ’ ಕೂಡ ‘ಬೈರವಿ’ಯಾಗುತ್ತದೆ. ಫಾಂಟಿನಲ್ಲೇ ಇರುವ ದಪ್ಪ ರೂಪ ಬಳಸಿ. ಶೀರ್ಷಿಕೆಗೆ ‘ಬಾಲೂ ತಮ್ಮ 2’ ಫಾಂಟ್ ಗಟ್ಟಿಯಾಗಿ ನಿಲ್ಲುತ್ತದೆ. ಉದ್ದ ಹೆಸರಿಗೆ ‘ಅನೇಕ್ ಕನ್ನಡ’ ಒಳ್ಳೆಯದು, ಅದರಲ್ಲಿ ಕಿರಿದಾದ ಅಗಲದ ರೂಪವೂ ಇದೆ; ಅಕ್ಷರವನ್ನು ಅಡ್ಡಡ್ಡ ಹಿಂಡುವ ಕಷ್ಟ ತಪ್ಪುತ್ತದೆ. ಎರಡೂ ಉಚಿತ. ಒಂದು ಪೋಸ್ಟರಿಗೆ ಎರಡಕ್ಕಿಂತ ಹೆಚ್ಚು ಫಾಂಟ್ ಬೇಡ.

ಪ್ರಶ್ನೆ: ಪ್ರೆಸ್ಸಿನಲ್ಲಿ ಫೈಲ್ ತೆರೆದಾಗ ‘ಶಾಸ್‌ತ್‌ರೀಯ’ ಎಂದು ಒತ್ತುಗಳು ಬಿಚ್ಚಿಕೊಂಡವು. – ಓದುಗರು, ತುಮಕೂರು

ಉತ್ತರ: ಅಡೋಬ್ ತಂತ್ರಾಂಶವಾದರೆ ಪ್ಯಾರಾಗ್ರಾಫ್ ಆಯ್ಕೆಗಳಲ್ಲಿ ‘ವರ್ಲ್ಡ್-ರೆಡಿ ಕಂಪೋಸರ್’ ಹಾಕಬೇಕು, ಇಲ್ಲದಿದ್ದರೆ ಒತ್ತು ಕೂಡಿಕೊಳ್ಳುವುದಿಲ್ಲ. ‘ನುಡಿ’ ಬೆರಳಚ್ಚು ತಂತ್ರಾಂಶದ ಹಳೆಯ, ಯುನಿಕೋಡ್ (ಎಲ್ಲ ಗಣಕಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಕಡತವಾದರೆ ಮೊದಲು ಯುನಿಕೋಡಿಗೆ ಬದಲಿಸಿ, ಅರ್ಕಾವತ್ತುಗಳನ್ನು ಒಂದೊಂದಾಗಿ ನೋಡಿ. ಪ್ರೆಸ್ಸಿಗೆ ಕಳಿಸುವ ಪ್ರತಿಯಲ್ಲಿ ಅಕ್ಷರಗಳನ್ನು ಬರಿಯ ಆಕಾರಗಳಾಗಿ ಬದಲಿಸಿ, ಎಂದರೆ ಔಟ್‌ಲೈನ್ ಮಾಡಿ, ಸುತ್ತ 3 ಮಿ.ಮೀ. ಬ್ಲೀಡ್ (ಕತ್ತರಿಸಿ ತೆಗೆಯುವ ಹೆಚ್ಚುವರಿ ಅಂಚು) ಬಿಟ್ಟು ಪಿಡಿಎಫ್ ಕೊಡಿ. ಸಣ್ಣ ಅಕ್ಷರ ಕಪ್ಪು ಶಾಯಿ ಒಂದರಲ್ಲೇ ಇರಲಿ. ನಾಲ್ಕು ಬಣ್ಣ ಬೆರೆಸಿದ ಕಪ್ಪಾದರೆ ಅಚ್ಚು ಕೂದಲೆಳೆಯಷ್ಟು ಸರಿದರೂ ಅಂಚು ಮಸುಕಾಗುತ್ತದೆ. ಔಟ್‌ಲೈನ್ ಮಾಡಿದ ಮೇಲೆ ಕಾಗುಣಿತ ತಿದ್ದಲು ಬರುವುದಿಲ್ಲ, ತಿದ್ದಬಲ್ಲ ಮೂಲ ಪ್ರತಿಯನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಂಡಿರಿ.